ನೂರೈವತ್ತು ಗ್ರಾಂ

ಬೆಳಿಗ್ಗೆ ಏಳಕ್ಕೇ ಖಲಂದರ್ ಸಾಬರ ಅಂಗಡಿ ಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ಮೊಟ್ಟೆಯ ರೇಟು.
ನಿನ್ನೆ ಏಳು. ಇವತ್ತು ಏಳು ಇಪ್ಪತ್ತು.
"ನಾ ಏರಿಸಿದ್ದಲ್ಲ ಟೀಚರ್, ಫೋನಿಗೆ ಬರ್ತದೆ" ಅಂತಾರೆ
ಮಳೆ ಬಂದದ್ದಕ್ಕೆ ಕ್ಷಮೆ ಕೇಳುವವರ ಹಾಗೆ.
ಕಚೇರಿಯ ಲೆಕ್ಕದಲ್ಲಿ ಮಾತ್ರ
ಕೋಳಿ ಇನ್ನೂ ಆರು ರೂಪಾಯಿಗೇ ಇಡುತ್ತಿದೆ.

ಮೂವತ್ತೊಂದು ಮಕ್ಕಳು.
ಮೂವತ್ತೊಂದು ಸಲ ಒಂದು ಇಪ್ಪತ್ತು:
ಮೂವತ್ತೇಳು ರೂಪಾಯಿ ಇಪ್ಪತ್ತು ಪೈಸೆ.
ಪೈಸೆಯನ್ನು ಸಾಬರು ಬಿಟ್ಟರು.
ರೂಪಾಯಿ ನನ್ನ ರೀಚಾರ್ಜಿನ ಡಬ್ಬಿಯಿಂದ.

ಶಿರಾಳಕೊಪ್ಪದ ರಸ್ತೆಯಲ್ಲಿ ಈಗ ಅರ್ಧವಷ್ಟೇ ಡಾಂಬರು,
ಇನ್ನರ್ಧ ಒಣಹಾಕಿದ ಮೆಕ್ಕೆಜೋಳ.
ಬಸ್ಸು ಒಂದು ಗಾಲಿಯನ್ನು ಅದರ ಮೇಲೆ ಹರಿಸಿಯೇ ಹೋಗುತ್ತದೆ,
ಯಾರೂ ಬಯ್ಯುವುದಿಲ್ಲ.
ನಮ್ಮ ಹೊಲದ್ದೇ ಆದರೂ ನಮ್ಮ ಒಲೆಯದ್ದಲ್ಲ ಅದು.
ಮೊದಲೆಲ್ಲ ಕೋಳಿಗಳ ಊರಿಗೆ ಹೋಗುತ್ತಿತ್ತು, ತಮಿಳುನಾಡಿನ ಕಡೆ.
ಈಗ ಪೆಟ್ರೋಲಿಗೆ ಬೆರೆಸುವ ಸ್ಪಿರಿಟಿನವರೂ ಕೇಳುತ್ತಾರಂತೆ.
ಕೋಳಿಗೂ ಕಾರಿಗೂ ಒಂದೇ ಪಂಕ್ತಿಯಲ್ಲಿ ಎಲೆ.
ಯಾರಿಗೆ ಮೊದಲು ಬಡಿಸಿದರು ಅನ್ನುವುದು
ಸಾಬರ ಹಲಗೆ ನೋಡಿದರೆ ತಿಳಿಯುತ್ತದೆ.

ಹಿಂದೊಮ್ಮೆ ಯಾವುದೋ ಸಮುದ್ರದಲ್ಲಿ ಹಡಗು ನಿಂತವಂತೆ.
ಎಣ್ಣೆ ಏರಿತು. ಆ ವರ್ಷವಿಡೀ ನಮ್ಮ ಉಪ್ಪಿಟ್ಟು ಒಣಗಿ
ಮಕ್ಕಳ ಗಂಟಲಲ್ಲಿ ನಿಲ್ಲುತ್ತಿತ್ತು.
ಉಪ್ಪಿಟ್ಟಿನೊಳಗೂ ಸಮುದ್ರ ಇದೆಯೆಂದು ಆಗ ಗೊತ್ತಾಯಿತು,
ಉಪ್ಪಿನಿಂದಲ್ಲ.

ಗೋಡೆಯ ಚಾರ್ಟಿನಲ್ಲಿ ಹಸು, ಕುರಿ, ಜೇನು, ಕೋಳಿ.
"ಹಾಲು ಕೊಡೋದು ಯಾರು?" "ಹಸೂ..."
"ಮೊಟ್ಟೆ ಕೊಡೋದು?" "ಕೋಳೀ..."
ಮೂವತ್ತು ಬಾಯಿ ಒಟ್ಟಿಗೆ.
ತಾಂಡಾದ ತನುಜ ಮಾತ್ರ ತಡವಾಗಿ, ಒಬ್ಬಳೇ,
"ಲಾರಿ" ಅಂದಳು.
ಎಲ್ಲ ನಕ್ಕರು. ನಾನೂ ನಗಬೇಕಿತ್ತು.
ಅವಳವ್ವ ಸೋಮ್ಲಿಬಾಯಿ ಆ ಲಾರಿಗೇ ಚೀಲ ಹೊಲಿಯುತ್ತಾಳೆ,
ದಬ್ಬಣ ಹಲ್ಲಿನಲ್ಲಿ ಕಚ್ಚಿಕೊಂಡು, ಕತ್ತಲಾಗುವವರೆಗೆ.

ಇವತ್ತು ತೂಕದ ದಿನ.
ತೊಲೆಗೆ ಕಟ್ಟಿದ ತಕ್ಕಡಿಯ ಚಡ್ಡಿಗೆ ಕಾಲು ತೂರಿಸಿ
ತನುಜ ಜೋತಾಡಿದಳು. ಮುಳ್ಳು ನಡುಗಿ ನಿಂತಿತು:
ಹನ್ನೊಂದು ಕಿಲೋ.
ಹಳದಿ.
ಹತ್ತು ಒಂಬೈನೂರಕ್ಕಿಂತ ಕೆಳಗೆ ಬಿದ್ದರೆ ಕೆಂಪು,
ಕೆಂಪಿಗೆ ದಿನಾ ಮೊಟ್ಟೆ. ಹಳದಿಗೆ ವಾರಕ್ಕೆ ಎರಡೇ.
ಪೆನ್ನು ಕಾಗದಕ್ಕೆ ಮುಟ್ಟಿಸುವಾಗ
ಲಂಗದ ಜೇಬು ಉಬ್ಬಿದ್ದು ಕಂಡಿತು.

ಕಾಳು. ಮೆಕ್ಕೆಜೋಳದ ಕಾಳು.
ಅವ್ವನ ಚೀಲದ ಕೆಳಗೆ ಉದುರಿದ್ದನ್ನು ಆರಿಸಿ ತುಂಬಿಕೊಂಡಿದ್ದಾಳೆ,
ಸುಟ್ಟುಕೊಂಡು ತಿನ್ನಲಿಕ್ಕೋ, ಆಟಕ್ಕೋ, ಹೇಳುವುದಿಲ್ಲ.
ಜೇಬು ಖಾಲಿ ಮಾಡಿಸಿದೆ. ಅತ್ತಳು.
ಅಳುತ್ತಲೇ ಜೋತಾಡಿದಳು.
ಮುಳ್ಳು ಇಳಿಯಿತು: ಹತ್ತು ಎಂಟುನೂರೈವತ್ತು.
ಕೆಂಪು.

ಒಂದು ಕ್ಷಣ ನನಗೆ ಖುಷಿಯಾಯಿತು.
ಅದನ್ನು ಯಾವ ಕಾಲಂನಲ್ಲಿ ಬರೆಯಲಿ?

ನನ್ನ ಮೇಜಿನ ಮೇಲೆ ನೂರೈವತ್ತು ಗ್ರಾಂ ಜೋಳ.
ಕಿಲೋಗೆ ಇಪ್ಪತ್ತನಾಲ್ಕರಂತೆ ಮೂರು ರೂಪಾಯಿ ಅರವತ್ತು.
ಸಾಬರ ಇವತ್ತಿನ ಹಲಗೆಯಂತೆ
ಸರಿಯಾಗಿ ಅರ್ಧ ಮೊಟ್ಟೆ.
ನಾಳೆ ಅಷ್ಟೂ ಇರಲಿಕ್ಕಿಲ್ಲ.

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು ಕೈಗಿಟ್ಟೆ.
ಬಿಳಿಯನ್ನು ತಿಂದಳು. ಹಳದಿಯನ್ನು
ಎರಡು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು,
ಎಲ್ಲೋ ಕಂಡ ಬಣ್ಣ ಅನ್ನುವ ಹಾಗೆ.
ತಿಂದಳು.

ಕಾಳನ್ನು ವಾಪಸ್ ಜೇಬಿಗೆ ಸುರಿದೆ.
ಒಂದೊಂದೇ ತೆಗೆದು ಎಣಿಸಿ,
ಇಪ್ಪತ್ತರ ಮೇಲೆ ಅವಳಿಗೆ ಲೆಕ್ಕ ಬರುವುದಿಲ್ಲ, ಆದರೂ,
"ಒಂದು ಕಮ್ಮಿ ಐತೆ ಟೀಚರ್" ಅಂದಳು.

ಹುಡುಕಿದೆವು. ಇಬ್ಬರೂ ಮಂಡಿಯೂರಿ,
ಚಾಪೆ ಎತ್ತಿ, ಬೀರುವಿನ ಕೆಳಗೆ ಕೈ ಹಾಕಿ,
ಉಳಿದ ಮಕ್ಕಳು ಸುತ್ತ ನಿಂತು ನೋಡುತ್ತಿರಲು,
ಆ ಒಂದು ಕಾಳು.